ಒಣ ಕುಂಡಕ್ಕೆ ನೀರು ಹಾಕಬೇಡಿ

ಅನಗೋಳದಲ್ಲಿ ನನಗೆ ಖೋಲಿ ಸಿಕ್ಕಿದ್ದು ಒಂದೇ ಶರತ್ತಿನ ಮೇಲೆ: ಒಳಗೆ ಮಾಂಸ ಬರಬಾರದು. ಮಾಲಕಿ ಅರವತ್ತು ದಾಟಿದ ವಿಧವೆ, ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಓಣಿಯವರೆಲ್ಲ ಅವರನ್ನು ಕಾಕು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲ ದಿನ ಅವರು ಮೂರು ಪ್ರಶ್ನೆ ಕೇಳಿದರು. ಕೆಲಸ ಎಲ್ಲಿ? ಪೇಪರಿನಲ್ಲಿ, ಡೆಸ್ಕಿನಲ್ಲಿ ಎಂದೆ. ಮದುವೆ? ಇಲ್ಲ ಎಂದೆ. ನಿಮ್ಮ ಮಂದಿ ಯಾರು? ಕುರಿ ಕಾಯುವವರು, ಅಪ್ಪ ಒಬ್ಬರೇ ಬಸ್ ಡಿಪೋದಲ್ಲಿ ನೌಕರಿ ಮಾಡಿದರು ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಚಪ್ಪಲಿ ನೋಡಿದರು.

"ಅಡ್ಡಿಯಿಲ್ಲವಾ. ಹೊರಗ ನೀ ಏನ ತಿಂತೀಯೋ ನಾ ಕೇಳೂದಿಲ್ಲ. ನಮ್ಮನ್ಯಾಗ ಮಾತ್ರ ತತ್ತಿ ಸುದ್ಧಾ ನಡಿಯೂದಿಲ್ಲ."

ಒಪ್ಪಿಕೊಂಡೆ. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು ಇದು. ಒಬ್ಬಂಟಿ ಹೆಂಗಸಿಗೆ ಬೆಳಗಾವಿಯಲ್ಲಿ ಖೋಲಿ ಸಿಗುವುದೇ ಕಷ್ಟವಿತ್ತು. ರವಿವಾರ ಮಧ್ಯಾಹ್ನ ಪೇಟೆಯ ಖಾನಾವಳಿಗೆ ಹೋಗಿ ಮಟನ್ ಊಟ ಮಾಡುತ್ತಿದ್ದೆ, ಕೈ ಎರಡು ಸಲ ತೊಳೆದು ಮನೆಗೆ ಬರುತ್ತಿದ್ದೆ. ಎರಡು ವರ್ಷ ಆ ಶರತ್ತನ್ನು ನಾನು ಒಮ್ಮೆಯೂ ಮುರಿಯಲಿಲ್ಲ. ಮುರಿದದ್ದು ಗೇಣುದ್ದದ ಒಂದು ಗಿಡ.

ಅದು ಖಾನಾಪುರದ ಕಡೆಯಿಂದ ಬಂದದ್ದು. ಅಲ್ಲಿಯ ಒಂದು ಊರಿನವರು ತಮ್ಮ ದನ ಮೇಯುವ ಮಾಳದಲ್ಲಿ ಕೆಂಪುಕಲ್ಲು ತೆಗೆಯಬಾರದೆಂದು ಅರ್ಜಿ ಕೊಟ್ಟಿದ್ದರು. ವರದಿಗಾರ ರಜೆಯ ಮೇಲಿದ್ದ. ಡೆಸ್ಕಿನಲ್ಲಿ ಕೈ ಖಾಲಿ ಇದ್ದವಳು ನಾನು, ಕಳಿಸಿದರು. ಜುಲೈ ಕೊನೆಯ ವಾರ, ಸಣ್ಣ ಮಳೆ. ಬಸ್ ಇಳಿದು ಎರಡು ಮೈಲಿ ನಡೆದರೆ ಮರವಿಲ್ಲದ ಸಪಾಟು ಮಾಳ. ಕಲ್ಲಿನ ಮೇಲೆ ಒಂದು ಗೇಣು ಮಣ್ಣು, ಮಣ್ಣಿನ ಮೇಲೆ ಹುಲ್ಲು, ಅದರ ನಡುವೆ ನಿಂತ ನೀರು. ಒಂದು ಕಡೆ ಆಗಲೇ ಕಲ್ಲು ಕೊಯ್ದು ಮೆಟ್ಟಿಲು ಮೆಟ್ಟಿಲಾಗಿ ಹೊಂಡ ಮಾಡಿದ್ದರು.

ಕಂಬಳಿ ಕೊಪ್ಪೆ ಹಾಕಿಕೊಂಡ ಒಬ್ಬ ಹೆಂಗಸು ಎಮ್ಮೆ ಮೇಯಿಸುತ್ತಿದ್ದಳು. ಗೌಳಿಗರವಳು. ಅವಳ ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ನಾನು ನೋಟ್‌ಬುಕ್ ತೆಗೆಯುವ ಮೊದಲೇ ಅವಳು ಕೂಗಿದಳು.

"ಏ ಬಾಯಿ, ಕಾಲ ನೋಡಿ ಇಡು! ಚಿಕಟ ಗಿಡಾ ತುಳೀತಿ."

ಕಾಲ ಕೆಳಗೆ ನೋಡಿದೆ. ಹುಲ್ಲಿನ ನಡುವೆ ತೆಳ್ಳಗೆ, ದಾರದಷ್ಟು ಸಪೂರ ನಿಂತ ಗಿಡಗಳು. ಒಂದೊಂದು ದಂಟಿಗೆ ಏಳೆಂಟು ಎಲೆ, ಎಲೆ ಎಂದರೆ ಉಗುರಿನ ತುದಿಯಷ್ಟು ಅರ್ಧ ಚಂದ್ರ. ಅದರ ಅಂಚಿಗೆಲ್ಲ ಕೂದಲು, ಕೂದಲಿನ ತುದಿಗೆಲ್ಲ ಒಂದೊಂದು ಹನಿ. ಮಳೆಯ ಹನಿ ಇರಬೇಕೆಂದು ಬೆರಳು ಮುಟ್ಟಿಸಿದೆ. ಅಂಟಿತು, ಎಳೆಯಿತು.

"ನೊಣಾ ತಿಂತೈತಿ ಅದು," ಎಂದಳು.

"ಖರೇನ?"

"ಸುಳ್ಳ ಯಾಕ ಹೇಳಲಿ? ಕುಂದರು, ನೋಡು. ಆದ್ರ ಲಗೂನ ತಿನ್ನಾಂಗಿಲ್ಲ. ನಮ್ಮ ಅತ್ತಿ ಊಟಾ ಮಾಡಿದಂಗ, ಸಂಜಿತನಾ."

ಕುಡುಗೋಲಿನ ಮೊನೆಯಿಂದ ಅವಳು ಒಂದು ಗಿಡದ ಬುಡ ಕೆದರಿದಳು. ಬಿಳಿ ದಂಟು ಕೆಳಗೆ ಇಳಿಯುತ್ತ ಹೋಯಿತು, ಬೆರಳುದ್ದದ ಆಳದಲ್ಲಿ ಬಟಾಣಿ ಕಾಳಿನಷ್ಟು ಒಂದು ಗಡ್ಡೆ. ನಸುಗೆಂಪು, ನುಣುಪು.

"ದಸರಾ ಮುಂದ ಮ್ಯಾಲಿಂದು ಒಣಗಿ ಹೋಗತೈತಿ. ಇದು ಒಳಗ ಮಲಗಿರತೈತಿ. ಮಿರಗದ ಮಳಿ ಬಿದ್ದ ಮ್ಯಾಲೆ ಮತ್ತ ಏಳತೈತಿ."

"ಅಲ್ಲೀತನಾ ನೀರು?"

"ಈ ಮಾಳಕ್ಕ ಬ್ಯಾಸಗ್ಯಾಗ ಯಾರು ನೀರು ಹಾಕ್ತಾರ? ನೀ ಬಂದು ಹಾಕ್ತೀಯೇನ?"

ಒಂದೆರಡು ತಗೊಂಡು ಹೋಗಲೇ ಎಂದು ಕೇಳಿದೆ. ಅವಳು ಹೊಂಡದ ಕಡೆ ಕೈ ಮಾಡಿದಳು. "ಲಾರಿ ತಗೊಂಡ ಹೋಗೂಕಿಂತ ನೀ ತಗೊಂಡ ಹೋಗೂದು ಛಲೋ." ತಾನೇ ಮಣ್ಣಿನ ಹೆಂಟೆ ಸಮೇತ ಆರು ಗಿಡ ಎತ್ತಿಕೊಟ್ಟಳು. ನನ್ನ ಊಟದ ಡಬ್ಬಿ ಖಾಲಿಯಾಗಿತ್ತು. ಅದರಲ್ಲಿ ಇಟ್ಟುಕೊಂಡು, ಚೀಲದಲ್ಲಿ ಒಂದಿಷ್ಟು ಮಾಳದ ಮಣ್ಣೂ ತುಂಬಿಕೊಂಡು ಬಂದೆ.

ಅರ್ಜಿಯ ಸುದ್ದಿ ಎರಡು ಕಾಲಮ್ ಬಂತು. ಗಿಡದ ಮಾತು ಅದರಲ್ಲಿ ಇರಲಿಲ್ಲ. ಗಿಡಗಳ ವಿಷಯ ನಾನು ಬೇರೆ ನೋಟ್‌ಬುಕ್‌ನಲ್ಲಿ ಬರೆಯತೊಡಗಿದೆ. ದಿನಾಂಕ, ಮಳೆ, ಎಷ್ಟು ಎಲೆ, ಯಾವ ಎಲೆಯಲ್ಲಿ ಏನು. ಡೆಸ್ಕಿನವರ ಚಟ, ನೋಡಿದ್ದನ್ನು ಬರೆಯದಿದ್ದರೆ ನೋಡಿದಂತೆ ಅನಿಸುವುದಿಲ್ಲ.

ನನ್ನ ಖೋಲಿಯ ಮುಂದಿನ ಮಾಳಿಗೆಯ ಮೇಲೆ ಎರಡು ಮಣ್ಣಿನ ಕುಂಡಗಳಲ್ಲಿ ಮೂರು ಮೂರು ನೆಟ್ಟೆ. ಮಾಳದ ಮಣ್ಣು, ಅರ್ಧ ಮರಳು. ಗೊಬ್ಬರ ಹಾಕಬಾರದು, ಹಾಕಿದರೆ ಬೇರು ಸುಡುತ್ತದೆ. ಬೋರಿನ ನೀರೂ ಹಾಕಬಾರದು, ನಮ್ಮ ಬೋರಿನ ನೀರಿಗೆ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿತ್ತು. ಬೆಳಗಾವಿಯ ಮಳೆಗಾಲದಲ್ಲಿ ಮಳೆನೀರಿಗೆ ಬರವಿಲ್ಲ. ಮಾಡಿನ ತಗಡಿನ ಪತ್ರಾಸಿನ ಅಂಚಿಗೆ ಬಕೆಟ್ ಇಟ್ಟರೆ ಅರ್ಧ ತಾಸಿಗೆ ತುಂಬುತ್ತಿತ್ತು. ಪಕ್ಕದಲ್ಲಿ ಉಳಿದ ಮಣ್ಣು ಹಾಕಿಟ್ಟಿದ್ದ ಅಗಲ ಪರಾತದಲ್ಲಿ, ಅದೇ ಮಾಳದ ಮಣ್ಣಿನೊಂದಿಗೆ ಬಂದ ಇನ್ನೊಂದು ಜಾತಿ ತಾನಾಗಿಯೇ ಎದ್ದಿತು. ನೆಲಕ್ಕೆ ಅಂಟಿದ, ಎಂಟಾಣೆ ಬಿಲ್ಲೆಯಷ್ಟು ಕೆಂಪು ಚಕ್ರಗಳು. ಅದೂ ಹುಳ ಹಿಡಿಯುವುದೇ.

ಹಿಡಿಯುವುದು ಎಂದರೆ ಜನ ಅಂದುಕೊಂಡಂತೆ ಗಬಕ್ಕನೆ ಬಾಯಿ ಮುಚ್ಚುವುದಲ್ಲ. ಸೊಳ್ಳೆ ಬಂದು ಕೂರುತ್ತದೆ, ಏಳಲು ಆಗುವುದಿಲ್ಲ. ಒದ್ದಾಡಿದಷ್ಟೂ ಪಕ್ಕದ ಕೂದಲುಗಳಿಗೆ ತಾಗುತ್ತದೆ. ಆ ಕೂದಲುಗಳು ಒಂದೊಂದಾಗಿ, ಗಡಿಯಾರದ ಮುಳ್ಳಿನಂತೆ, ಅದರ ಕಡೆಗೆ ಬಾಗುತ್ತವೆ. ಡ್ಯೂಟಿಗೆ ಹೋಗುವಾಗ ನೇರ ಇದ್ದದ್ದು ಮರುದಿನ ಬೆಳಿಗ್ಗೆ ಮುಷ್ಟಿಯಾಗಿರುತ್ತದೆ. ನಾಲ್ಕೈದು ದಿನಕ್ಕೆ ಎಲೆ ಬಿಚ್ಚಿದರೆ ಉಳಿದದ್ದು ರೆಕ್ಕೆ ಮತ್ತು ಸಿಪ್ಪೆ. ಆ ಮಾಳದ ಮಣ್ಣಿನಲ್ಲಿ ಸಾರವೇ ಇಲ್ಲ. ಮಣ್ಣಿನಲ್ಲಿ ಸಿಗದ್ದನ್ನು ಗಾಳಿಯಿಂದ ತೆಗೆದುಕೊಳ್ಳುತ್ತದೆ. ಅದರಲ್ಲಿ ಕ್ರೌರ್ಯವೂ ನನಗೆ ಕಾಣಲಿಲ್ಲ, ಪವಾಡವೂ ಕಾಣಲಿಲ್ಲ.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು ಕೃಷಿ ಪುಟ ನೋಡುತ್ತಿದ್ದ. ಅವನಿಗೆ ಹೇಳಿದ್ದೇ ತಪ್ಪಾಯಿತು. ದಿನಾ ಬಂದೊಡನೆ ಒಂದೇ ಪ್ರಶ್ನೆ: "ಏನ್ರೀ ಮೇಡಂ, ಗಿಡದ್ದ ಊಟಾ ಆತೇನು? ಖಿಮಾ ಹಾಕಿದ್ರ್ಯೋ, ಸುಕ್ಕಾ ಹಾಕಿದ್ರ್ಯೋ?"

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಮಾಳಿಗೆಯ ನೀರು ಹೋಗುವ ಕಿಂಡಿ ಕಟ್ಟಿತೆಂದು ಕಾಕು ಮೇಲೆ ಬಂದರು. ಕಿಂಡಿ ಬಿಟ್ಟು ಕುಂಡಗಳ ಮುಂದೆ ನಿಂತರು. ಬಿಳಿ ಹೂ ಬಿಟ್ಟಿದ್ದವು, ಚೆಂದವೇ ಕಾಣುತ್ತಿದ್ದವು.

"ಏನ ಛಂದ ಅದವಾ! ದೇವರಿಗೆ ನಡೀತದೇನು ಈ ಹೂವು?" ಎನ್ನುತ್ತ ಬಗ್ಗಿದರು. ಬಗ್ಗಿದವರು ಹಾಗೇ ಉಳಿದರು. ಒಂದು ಎಲೆಯಲ್ಲಿ ಸಣ್ಣ ಪತಂಗ ಇನ್ನೂ ರೆಕ್ಕೆ ಬಡಿಯುತ್ತಿತ್ತು.

"ಏನ ಮಾಡ್ಲಿಕ್ಕೆ ಹತ್ತೇದ ಇದು?"

ಸುಳ್ಳು ಹೇಳಬಹುದಿತ್ತು. ಅಂಟು ಗಿಡ, ಪಾಪ ಸಿಕ್ಕಿಹಾಕಿಕೊಂಡಿದೆ ಎಂದರೆ ಮುಗಿಯುತ್ತಿತ್ತು. ನಾನು ಹೇಳಿದೆ: "ತಿನ್ನಾಕತ್ತೈತಿ, ಕಾಕು."

ಅವರು ಎರಡು ಹೆಜ್ಜೆ ಹಿಂದೆ ಸರಿದು ಸೆರಗು ಎಳೆದುಕೊಂಡರು. "ನಿನಗ ಮೊದಲನ ಹೇಳಿದ್ದೆ ಹೌದಲ್ಲೋ? ನಮ್ಮನ್ಯಾಗ ಇದು ನಡಿಯೂದಿಲ್ಲ ಅಂತ?"

"ನೀವು ಹೇಳಿದ್ದು ಮಾಂಸದ ಅಡಗಿ ಮಾಡಬ್ಯಾಡ ಅಂತ. ನಾ ಮಾಡಿಲ್ಲ."

"ಅಡಗಿ ಮಾಡದ ಹಸೀದ ತಿಂತದ! ಅದು ಇನ್ನೂ ಕೆಟ್ಟ."

"ನಿಮ್ಮ ದೇವರ ಫೋಟೋದ ಹಿಂದ ಹಲ್ಲಿ ಐತೆಲ್ಲ, ಅದೇನ ಉಪವಾಸ ಮಾಡತೈತೇನ್ರೀ?"

"ಹಲ್ಲಿ ತಾನ ಬಂದದ. ಇದನ್ನ ನೀ ತಂದೀದಿ."

ಶಿಕ್ಷಕಿಯಾಗಿದ್ದವರು. ನಾನು ಬಗ್ಗಿ ಕಿಂಡಿಗೆ ಸಿಕ್ಕಿದ್ದ ಕಸ ತೆಗೆದೆ. ದೀಪಾವಳಿಗೆ ಮನೆಗೆ ಸುಣ್ಣ ಹಚ್ಚಿಸುವುದಿತ್ತು. ಅಷ್ಟರೊಳಗೆ ಅವು ಹೋಗಬೇಕು ಎಂದರು. ಕೆಳಗೆ ಇಳಿಯುತ್ತ ಮೆಟ್ಟಿಲಿನಿಂದ ಇನ್ನೊಂದು ಮಾತು ಸೇರಿಸಿದರು: "ಅವರು ಹೋಗ್ಲಿ, ಇಲ್ಲಾ ನೀನರ ಹೋಗು."

ಗಿಡಕ್ಕೆ 'ಅವರು' ಎಂದದ್ದನ್ನು ಆ ದಿನದ ಪುಟದಲ್ಲಿ ಬರೆದಿಟ್ಟಿದ್ದೇನೆ.

ನಾನು ಎಲ್ಲೂ ಸಾಗಿಸಲಿಲ್ಲ. ಸೆಪ್ಟೆಂಬರ್ ಕಳೆಯಿತು, ಮಳೆ ಕಡಿಮೆಯಾಯಿತು, ಎಲೆಗಳ ಹನಿ ಸಣ್ಣದಾಗುತ್ತ ಬಂತು. ದಸರೆಯ ಹೊತ್ತಿಗೆ ದಂಟು ಕಪ್ಪಾಗಿ ಒಂದೊಂದೇ ಬಿದ್ದವು. ಪರಾತದ ಕೆಂಪು ಚಕ್ರಗಳು ಬೀಜ ಉದುರಿಸಿ ಸುಟ್ಟ ಕಾಗದದಂತಾದವು. ಸುಣ್ಣದವರ ಹಿಂದೆ ಮೇಲೆ ಬಂದ ಕಾಕು ಕುಂಡ ನೋಡಿ ಹಗುರಾದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೋಡವಾ, ನೀನೂ ತೆಗೀಲಿಲ್ಲ, ನಾನೂ ತೆಗೀಲಿಲ್ಲ. ದೇವರ ತಗದ. ಆ ಮಣ್ಣ ಚೆಲ್ಲಿ ಒಂದು ಗುಲಾಬಿ ಹಚ್ಚು."

ಹೂಂ ಎಂದು ಸುಮ್ಮನಿದ್ದಿದ್ದರೆ ಏಳು ತಿಂಗಳು ಆ ಕುಂಡಗಳು ಸುರಕ್ಷಿತವಾಗಿ ಇರುತ್ತಿದ್ದವು. ಸತ್ತ ಗಿಡದ ಮೇಲೆ ಯಾರಿಗೂ ತಕರಾರಿಲ್ಲ. ಆದರೆ ನನ್ನ ಕೆಲಸವೇ ಬೇರೆಯವರ ತಪ್ಪು ವಾಕ್ಯ ತಿದ್ದುವುದು.

"ಸತ್ತಿಲ್ಲ ಕಾಕು. ಒಳಗ ಗಡ್ಡಿ ಐತಿ. ಮಲಗೈತಿ."

"ಹುಚ್ಚಿ! ಒಣಾ ಮಣ್ಣಿನ್ಯಾಗ ಏನ ಮಲಗ್ತದ? ಸತ್ತದ್ದು ಎದ್ದು ಬರೂದು ನಾ ಅರವತ್ತು ವರ್ಷದಾಗ ನೋಡಿಲ್ಲ."

"ಮಿರಗಕ್ಕ ಏಳತೈತಿ. ನೋಡ್ರಿ ಬೇಕಾರ."

"ಏಳಲಿಲ್ಲಂದ್ರ?"

"ಮಿರಗ ಮುಗಿಯೂದ್ರೊಳಗ ಏಳಲಿಲ್ಲಂದ್ರ ಖೋಲಿ ಖಾಲಿ ಮಾಡ್ತೀನಿ. ಎದ್ದರ ಗಿಡಾನೂ ಇರತೈತಿ, ನಾನೂ ಇರ್ತೀನಿ. ಮತ್ತ ಮಾತ ತೆಗೀಬಾರದು."

ಅವರು ನಕ್ಕು ಒಪ್ಪಿಕೊಂಡರು. ಸುಣ್ಣ ಹಚ್ಚುವವನು ಬ್ರಷ್ ಹಿಡಿದು ಸಾಕ್ಷಿಗೆ ನಿಂತಿದ್ದ. ಗೌಳಿಗರ ಹೆಂಗಸು ಹೇಳಿದ್ದು ಮಿರಗ ಬಿದ್ದ ಮೇಲೆ ಎಂದು. ಎಷ್ಟು ದಿನದ ಮೇಲೆ ಎಂದು ನಾನು ಕೇಳಿರಲಿಲ್ಲ, ಬೇರೆ ಯಾರ ಹತ್ತಿರವೂ ಖಾತ್ರಿ ಮಾಡಿಕೊಂಡಿರಲಿಲ್ಲ. ಹೊಸ ವರದಿಗಾರ ಇಂಥ ತಪ್ಪು ಮಾಡಿದ್ದರೆ ಕಾಪಿ ವಾಪಸ್ ಎಸೆಯುತ್ತಿದ್ದೆ.

ಕೃಷಿ ಪುಟದವನನ್ನು ಒಂದು ದಿನ ಮನೆಗೆ ಕರೆದು ಕುಂಡ ತೋರಿಸಿದೆ. ಬೆರಳಿಂದ ಮಣ್ಣು ಉಜ್ಜಿ ಮೂಸಿದ. "ಮೇಡಂ, ಇದರಾಗ ಏನೂ ಇಲ್ಲ. ಸುಮ್ಮ ಖೋಲಿ ಹುಡಕಾಕ ಸುರು ಮಾಡ್ರಿ," ಎಂದ. ಹೋಗುವಾಗ ಕಾಕು ಕೊಟ್ಟ ಚಕ್ಕುಲಿ ತಿಂದು ಅವರ ಪಕ್ಷವನ್ನೂ ಸೇರಿದ.

ಫೆಬ್ರವರಿಯಲ್ಲಿ ಬೇರೆ ಕೆಲಸಕ್ಕೆ ಖಾನಾಪುರಕ್ಕೆ ಹೋದಾಗ ಆ ಮಾಳಕ್ಕೆ ನಡೆದು ಹೋದೆ. ಹೊಂಡ ಅರ್ಜಿಗಿಂತ ವೇಗವಾಗಿ ಬೆಳೆದಿತ್ತು. ಅವಳು ಗಿಡ ಎತ್ತಿಕೊಟ್ಟ ಜಾಗ ಇರಲಿಲ್ಲ. ಜಾಗ ಇರಲಿಲ್ಲ ಎಂದರೆ ಎರಡಾಳು ಆಳದವರೆಗೆ ಗಾಳಿ ಇತ್ತು, ಕೆಳಗೆ ಕಲ್ಲು ಒಟ್ಟಿದ್ದರು. ಎಮ್ಮೆಗಳೂ ಕಾಣಲಿಲ್ಲ. ಬಸ್‌ಸ್ಟಾಪಿನ ಚಹಾದಂಗಡಿಯಲ್ಲಿ ಕೇಳಿದರೆ ಆ ಗೌಳಿಗರು ಎಮ್ಮೆ ಹೊಡೆದುಕೊಂಡು ಕಾಡಿನ ಕಡೆ ಸರಿದರು ಎಂದರು. ನಾನು ಮರಳಿ ಬಂದು ಸುದ್ದಿ ಕೊಟ್ಟೆ. ಈ ಸಲ ಒಂದು ಕಾಲಮ್, ಒಳಪುಟ.

ಅಂದಿನಿಂದ ನನ್ನ ಹಟ ಬೇರೆಯಾಯಿತು. ಅಲ್ಲಿಯವರೆಗೆ ಅದು ನನ್ನ ಮತ್ತು ಕಾಕುವಿನ ನಡುವಿನ ಮಾತು, ಅಷ್ಟೆ. ಇನ್ನು ಆ ಮಾಳದ ಆ ತುಂಡಿನಿಂದ ಉಳಿದದ್ದು ನನ್ನ ಎರಡು ಕುಂಡಗಳಲ್ಲಿ ಇದ್ದದ್ದು ಮಾತ್ರ. ಅದನ್ನು ನಾನು ಯಾರ ಸಲುವಾಗಿಯೂ ಚೆಲ್ಲುವವಳಲ್ಲ. ಕುಂಡಗಳನ್ನು ನೀರಿನ ಟಾಕಿಯ ನೆರಳಿಗೆ ಸರಿಸಿದೆ. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕಟ್ಟಿದೆ: ನೀರು ಹಾಕಬೇಡಿ.

ಮೇ ತಿಂಗಳಲ್ಲಿ ಊರಿನಲ್ಲಿ ತಮ್ಮನ ಮದುವೆ. ಹನ್ನೆರಡು ದಿನ ರಜೆ ಹಾಕಿ ಹೋದೆ. ಬಂದು ಮಾಳಿಗೆ ಹತ್ತಿದರೆ ಕುಂಡದ ಮಣ್ಣು ಕಪ್ಪಗೆ ಮಿನುಗುತ್ತಿತ್ತು. ಮೇಲೆ ಹಸಿರು ಪಾಚಿ. ರಟ್ಟು ಇದ್ದಲ್ಲೇ ಇತ್ತು, ತೊಯ್ದು ಅಕ್ಷರ ಹರಡಿತ್ತು.

ಕೆಳಗೆ ಹೋದೆ. ಅಂಗಳದಲ್ಲಿ ತುಳಸಿಕಟ್ಟೆಯ ಮೇಲೆ ಮೂರು ಕೋಲು ನಿಲ್ಲಿಸಿ, ತಳಕ್ಕೆ ತೂತು ಮಾಡಿದ ಗಡಿಗೆ ತೂಗಹಾಕಿದ್ದರು. ತೂತಿನಿಂದ ದರ್ಭೆಯ ಎಳೆ ಹಿಡಿದು ಹನಿ ಹನಿ ನೀರು ತುಳಸಿಗೆ ಬೀಳುತ್ತಿತ್ತು. ವೈಶಾಖದಲ್ಲಿ ಆ ಮನೆಯಲ್ಲಿ ಪ್ರತಿ ವರ್ಷ ಮಾಡುತ್ತಿದ್ದರು, ನಾನೂ ಎರಡು ವರ್ಷ ನೋಡಿದ್ದೆ. ಗಿಡಕ್ಕೆ, ಹಕ್ಕಿಗೆ, ದಾರಿಯವರಿಗೆ, ಆ ತಿಂಗಳು ಯಾರಿಗೂ ನೀರು ತಪ್ಪಿಸಬಾರದು. ಗೊತ್ತಿದ್ದೂ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಕಾಕು, ನನ್ನ ಕುಂಡಕ್ಕ ನೀರ ಹಾಕಿದ್ರೇನ್ರೀ?"

"ಹೂಂ ಮತ್ತ."

"ಎಷ್ಟ ದಿನಾ?"

"ನೀ ಹೋದಾಗಿಂದ. ದಿನಾ ಒಂದ ತಂಬಿಗಿ. ಪೂಜಾ ಆದಮ್ಯಾಲ ಸ್ವಚ್ಛ ನೀರ ಹಾಕೀನಿ, ಮುಸರಿ ನೀರ ಅಲ್ಲ."

"ಬೋರ್ಡ್ ನೋಡ್ಲಿಲ್ಲೇನ್ರೀ?"

"ನೋಡಿದೆ. ಅಕ್ಷರಾ ಓದ್ಲಿಕ್ಕೆ ಬರ್ತದ ನನಗ. ವೈಶಾಖದಾಗ ಮನ್ಯಾಗ ಕುಂಡ ಒಣಾ ಇಟ್ಟರ ಪಾಪ ಬರ್ತದ. ನಿನಗಲ್ಲ, ಮನಿ ನಂದು, ನನಗ ಬರ್ತದ."

"ನಿಮಗ ಅವು ಸಾಯೂದ ಬೇಕಾಗಿತ್ತೆಲ್ಲ!"

ಅವರು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು. ಅಂಥ ಸಿಟ್ಟು ಅವರ ಮುಖದಲ್ಲಿ ಅದೇ ಮೊದಲ ಸಲ ಕಂಡೆ. "ಶರತ್ತ ಬ್ಯಾರೆ, ನೀರ ಬ್ಯಾರೆ. ಕೊಲ್ಲಬೇಕಂತ ನಾ ಯಾರಿಗೂ ನೀರ ಹಾಕಿಲ್ಲ ಇಲ್ಲೀತನಕ."

ಅದು ನಿಜವೆಂದು ನನಗೆ ಗೊತ್ತಿತ್ತು. ನಿಜವಾಗಿದ್ದರಿಂದ ಸಿಟ್ಟು ಇನ್ನೂ ಏರಿತು. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಜಗಳವಾಡಬಹುದು. ತಂಬಿಗೆ ಹಿಡಿದು ಅರವತ್ತು ದಾಟಿದ ಮೊಣಕಾಲಿನಲ್ಲಿ ದಿನಾ ಮಾಳಿಗೆ ಹತ್ತಿದವರೊಡನೆ ಏನು ಜಗಳ? ಮೇಲೆ ಹೋಗಿ ಪೇಪರ್ ಹಾಸಿ ಕುಂಡ ಎರಡನ್ನೂ ಬೋರಲು ಹಾಕಿದೆ. ಮಣ್ಣು ಕೈಯಿಂದ ಸೋಸಿದೆ. ಗಡ್ಡೆಗಳು ಆರಿದ್ದದ್ದು ಏಳಾಗಿದ್ದವು, ಒಂದು ಗಿಡ ಎರಡು ಕಟ್ಟಿತ್ತು. ಐದನ್ನು ಹಿಡಿದರೆ ಬೆರಳಿನ ನಡುವೆ ಒಡೆದು ಕಂದು ನೀರಾದವು. ಎರಡು ಗಟ್ಟಿ ಇದ್ದವು. ಅವನ್ನು ಒರೆಸಿ, ಬಿಸಿಲಿಗೆ ಕಾಯಿಸಿ ಆರಿಸಿದ ಮರಳು ಮತ್ತು ಮಾಳದ ಮಣ್ಣು ತುಂಬಿ, ತಳಕ್ಕೆ ಮೊಳೆಯಿಂದ ತೂತು ಹೊಡೆದ ಹಾಲಿನ ಪುಡಿಯ ಡಬ್ಬಿಯಲ್ಲಿ ಹೂತೆ. ಡಬ್ಬಿಯನ್ನು ನನ್ನ ಮಂಚದ ಕೆಳಗೆ ಇಟ್ಟೆ. ಕೀಲಿ ನನ್ನ ಹತ್ತಿರ.

ಕೃಷಿ ಪುಟದವನು ಹೇಳಿದ: "ಅವರ ನೀರ ಹಾಕಿದ ಮ್ಯಾಲೆ ಶರತ್ತ ರದ್ದ ಆತಲ್ರೀ. ಹೇಳಿಬಿಡ್ರಿ." ವಾದ ಸರಿ ಇತ್ತು. ಆದರೂ ನಾನು ಹೇಳಲಿಲ್ಲ. ಐದು ಸತ್ತರೂ ಎರಡು ಇವೆ, ಶರತ್ತಿಗೆ ಒಂದು ಸಾಕು. ಅವರ ಪುಣ್ಯದ ನೀರನ್ನು ನನ್ನ ಸೋಲಿಗೆ ನೆಪವಾಗಿ ಬಳಸುವ ಮನಸ್ಸು ಇರಲಿಲ್ಲ.

ಜೂನ್ ಮೊದಲ ವಾರ ಕಳೆದು ಮಿರಗ ಹಿಡಿಯಿತು. ಡಬ್ಬಿಯನ್ನು ಹೊರಗಿಟ್ಟೆ. ಬೆಳಿಗ್ಗೆ, ಡ್ಯೂಟಿಗೆ ಹೋಗುವ ಮುನ್ನ, ಬಂದ ಮೇಲೆ, ದಿನಕ್ಕೆ ಮೂರು ಸಲ ನೋಡಿದೆ. ನೋಟ್‌ಬುಕ್‌ನಲ್ಲಿ ಹದಿನಾಲ್ಕು ದಿನ ಒಂದೇ ಶಬ್ದ ಇದೆ: ಇಲ್ಲ. ಒಂದು ದಿನ ಹಸಿರು ಮೊಳಕೆ ಕಂಡಿತು. ಹುಲ್ಲು. ಕಿತ್ತೆ. ಕಾಕು ಮೇಲೆ ಬರಲಿಲ್ಲ, ಕೇಳಲಿಲ್ಲ. ಸಂಜೆ ಮೆಟ್ಟಿಲ ಹತ್ತಿರ ಎದುರಾದರೆ ಮಳೆಯ ಮಾತು ಮಾತ್ರ ಆಡುತ್ತಿದ್ದರು. ಗೆಲ್ಲುವವರ ಸಭ್ಯತೆ ಅದು, ನನಗೆ ಹಿಡಿಸಲಿಲ್ಲ.

ಮಿರಗ ಮುಗಿದು ಮುಂದಿನ ಆರಿದ್ರಾ ಮಳೆ ಹುಟ್ಟಿದ ದಿನ ನಾನೇ ಕೆಳಗೆ ಹೋಗಿ ಹೇಳಿದೆ. "ಬರಲಿಲ್ಲ ಕಾಕು. ತಿಂಗಳಾ ಮುಗಿಯೂದ್ರೊಳಗ ಖಾಲಿ ಮಾಡ್ತೀನಿ."

ಅವರು ಚಹಾದ ಕಪ್ಪು ನನ್ನ ಕಡೆ ಸರಿಸಿದರು. "ಯಾರ ಹೋಗು ಅಂದಾರ ನಿನಗ? ಹುಡುಗಾಟದ ಮಾತ ಅದು. ಇರು. ಆ ಡಬ್ಬಿ ಒಂದ ಚೆಲ್ಲು, ಆತು."

"ಡಬ್ಬಿ ಚೆಲ್ಲಾಂಗಿಲ್ಲ."

"ಏನದ ಅದರಾಗ ಈಗ?"

"ಗೊತ್ತಿಲ್ಲ. ಇದ್ದರೂ ಇರಬಹುದು."

"ಗೊತ್ತಿಲ್ಲದ್ದರ ಸಲುವಾಗಿ ಮನಿ ಬಿಡ್ತೀಯಾ?"

"ಅದನ್ನ ಚೆಲ್ಲಿ ಇರು ಅಂದ್ರ ಇರಾಂಗಿಲ್ಲ, ಕಾಕು. ಮಾತ ಕೊಟ್ಟೀನಿ, ಹೋಗ್ತೀನಿ. ಡಬ್ಬಿ ಜೋಡಿ ಹೋಗ್ತೀನಿ."

ಅವರು ಸಾಲಿ ಮಕ್ಕಳಿಗೆ ಅನ್ನುವಂತೆ, "ಹಟಮಾರಿ," ಎಂದರು.

ಶಹಾಪುರದಲ್ಲಿ ಖೋಲಿ ಸಿಕ್ಕಿತು. ಕೆಳಗೆ ಮಾಲಕರ ನಾಲ್ಕು ಪಾವರ್‌ಲೂಮ್ ಇದ್ದವು. ಮಗ್ಗ ನಡೆಯುತ್ತಿದ್ದರೆ ನೆಲ ಅದುರುತ್ತಿತ್ತು, ಮಾತು ಕೂಗಿ ಆಡಬೇಕಿತ್ತು. ಮಾಲಕ ಕೇಳಿದ ಪ್ರಶ್ನೆ ಒಂದೇ. "ಸಪ್ಪಳಾ ತಡಕೋತೀರೇನ್ರೀ?" ತಡಕೋತೀನಿ ಎಂದೆ. ಊಟದ ವಿಷಯ ಅವರು ಎತ್ತಲಿಲ್ಲ, ನಾನೇ ಎತ್ತಿದೆ. "ಮನ್ಯಾಗ ಮಟನ್ ಮಾಡ್ತೀನಿ. ಒಂದು ಗಿಡಾ ಐತಿ, ಅದೂ ಹುಳಾ ತಿಂತೈತಿ." ಅವರು ಮಗ್ಗದ ಸಪ್ಪಳದಲ್ಲಿ ಅರ್ಧ ಕೇಳಿ, "ನಾಯಿ ಅಲ್ಲಲ್ಲ? ಹಂಗಾರ ನಡೀತೈತಿ," ಎಂದರು.

ಖೋಲಿಗೆ ಬಂದ ಒಂಬತ್ತನೆಯ ದಿನ, ಆರಿದ್ರಾ ಮಳೆ ಮುಗಿಯಲು ಬಂದಾಗ, ಡಬ್ಬಿಯ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ ಎದ್ದಿತ್ತು. ಹುಲ್ಲಿಗೆ ಮೋಸ ಹೋದವಳು ಮೂರು ದಿನ ನೋಟ್‌ಬುಕ್‌ನಲ್ಲಿ ಏನೂ ಬರೆಯಲಿಲ್ಲ. ನಾಲ್ಕನೆಯ ದಿನ ಚುಕ್ಕೆ ಬಿಚ್ಚಿ ಅರ್ಧ ಚಂದ್ರವಾಯಿತು, ಅಂಚಿಗೆ ಕೂದಲು, ಕೂದಲಿಗೆ ಹನಿ. ಬರೆದೆ: ಒಂದು. ಎರಡನೆಯ ಗಡ್ಡೆ ಏಳಲೇ ಇಲ್ಲ.

ಅದು ಮೊದಲು ಹಿಡಿದದ್ದು ಹುಳವನ್ನಲ್ಲ, ನೂಲಿನ ಧೂಳನ್ನು. ಮಗ್ಗದ ಮನೆಯ ಗಾಳಿಯ ತುಂಬ ಹತ್ತಿಯ ಎಳೆ ತೇಲುತ್ತಿರುತ್ತದೆ. ಎರಡು ದಿನಕ್ಕೆ ಎಲೆಗಳೆಲ್ಲ ಬಿಳಿ ಗಡ್ಡ ಬಿಟ್ಟವು. ಒಂದು ಎಲೆ ನೂಲಿನ ತುಣುಕನ್ನೇ ಮುಷ್ಟಿ ಹಿಡಿದು, ಏನೂ ಸಿಗದೆ, ಮರುದಿನ ಬಿಟ್ಟುಬಿಟ್ಟಿತು. ಡಬ್ಬಿಯನ್ನು ಮಾಳಿಗೆಯ ಗಾಳಿಯ ದಿಕ್ಕಿಗೆ ಸರಿಸಿದೆ. ದಿನಾ ಬೆಳಿಗ್ಗೆ ಒದ್ದೆ ಬ್ರಷ್ಷಿನಿಂದ ಎಳೆ ತೆಗೆದೆ. ಶ್ರಾವಣದ ಹೊತ್ತಿಗೆ ಸೊಳ್ಳೆ ಹಿಡಿಯತೊಡಗಿತು.

ಆ ತಿಂಗಳು ನನ್ನ ಹೆಸರಿಗೆ ಬಂದ ಒಂದು ಕಾಗದ ಒಯ್ಯಲು ಅನಗೋಳಕ್ಕೆ ಹೋದೆ. ಕಾಕು ಅದನ್ನು ಕಿಟಕಿಯಲ್ಲಿ ಇಟ್ಟಿದ್ದರು. ಮೇಲಿನ ಖೋಲಿಗೆ ಬ್ಯಾಂಕಿನ ಗುಮಾಸ್ತ ಬಂದಿದ್ದ. ನಾನು ನಿಂತಲ್ಲೇ ಹೇಳಿದೆ.

"ಬಂತು, ಕಾಕು."

ಯಾವುದು ಎಂದು ಅವರು ಕೇಳಲಿಲ್ಲ. "ಎಷ್ಟು?"

"ಒಂದು."

"ಯಾವ ಮಳಿಗೆ?"

"ಆರಿದ್ರಾ ಹೋಗೂ ಹೊತ್ತಿಗೆ."

ಅವರು ಬೆರಳು ಮಡಚಿ ಎಣಿಸಿದರು. "ಅಂದ್ರ ಮಿರಗ ಹೋಗಿತ್ತು. ಶರತ್ತ ನಾ ಗೆದ್ದೆ."

"ನೀವ ಗೆದ್ದ್ರಿ."

"ಮತ್ತ ಸತ್ತಿರಲಿಲ್ಲ ಅನ್ನು."

"ಸತ್ತಿರಲಿಲ್ಲ."

ಅವರು ಬಾಗಿಲ ಚೌಕಟ್ಟಿಗೆ ಒರಗಿ ಓಣಿಯ ಆ ತುದಿಯವರೆಗೆ ನೋಡಿದರು. ಐದು ಗಡ್ಡೆ ಕೊಳೆತದ್ದು ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಆ ದಿನ ಹೇಳಿದೆ. ಸತ್ಯ ಅರ್ಧ ಇಡುವುದು ನನ್ನಿಂದಾಗುವುದಿಲ್ಲ. ಕಣ್ಣು ಕೆಳಗೆ ಮಾಡಿದರು, ತಪ್ಪಾಯಿತು ಎನ್ನಲಿಲ್ಲ. "ಮುಂದಿನ ವೈಶಾಖದಾಗೂ ನಾ ಹಾಕ್ತಿದ್ದೆ," ಎಂದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

"ಅದಕ್ಕ ನಾ ಇಲ್ಲಿಲ್ಲ," ಎಂದೆ.

"ಅಲ್ಲೆ ಏನ ತಿಂತದ ಅದು?"

"ಅದಕ್ಕ ಬೇಕಾದ್ದು ತಿಂತೈತಿ, ಕಾಕು. ನಾನೂ ಹಂಗ."

ಕಾಗದ ಕೊಟ್ಟರು. ಇಸಿದುಕೊಂಡು ಬಸ್ ಹಿಡಿದೆ. ಅಂದು ರವಿವಾರ. ಶಹಾಪುರದಲ್ಲಿ ಇಳಿದು ಅರ್ಧ ಕಿಲೋ ಮಟನ್ ಕಟ್ಟಿಸಿಕೊಂಡು, ಚೀಲ ಮರೆಮಾಡದೆ, ಮಗ್ಗದವರ ಮುಂದೆಯೇ ಮೆಟ್ಟಿಲು ಹತ್ತಿದೆ.